ಕೇಳದೆ ಕಟ್ಟಿದ ಮುಡಿಪು

ಜನವರಿ 27, ಮಂಗಳವಾರ. ಬೆಳಿಗ್ಗೆ 11

ಮತ್ತೆ ಬೆನ್ನಿಗೆ ಬೆಲ್ಟ್. ಮತ್ತೆ ಕುರ್ಚಿ. ಇಪ್ಪತ್ತು ನಿಮಿಷ ಕೂರಬಹುದು ಎಂದು ಏರ್‌ಫೋರ್ಸ್ ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಅದಕ್ಕಿಂತ ಹೆಚ್ಚು ಕೂತರೆ ಬೆನ್ನೇ ಎಬ್ಬಿಸುತ್ತದೆ.

ಅಮ್ಮನ ಹೋಟೆಲು ಮಾಣಿ ಜಂಕ್ಷನ್‌ನಲ್ಲಿ. ಮನೆ ಎಂದರೆ ಹೋಟೆಲಿನ ಹಿಂದಿನ ಎರಡು ಕೋಣೆ. ಬೆಂಗಳೂರಿಗೆ ಹೋಗುವವರು, ಮೈಸೂರಿಗೆ ಹೋಗುವವರು, ಎಲ್ಲರೂ ಬನ್ಸ್ ತಿಂದು ಕೈ ತೊಳೆಯಲು ಹಿಂದೆ ಬರುತ್ತಾರೆ. ಕೈ ತೊಳೆದು ನನ್ನನ್ನು ನೋಡುತ್ತಾರೆ. ಯಾರೋ ಅವರಿಗೆ ಮೊದಲೇ ಹೇಳಿರುತ್ತಾರೆ — ಯಾರೋ ಎಂದರೆ ಅಮ್ಮನೇ.

"ಬೀಳುವಾಗ ಎಂತ ಅನಿಸಿತು?"

"ವಿಮಾನಕ್ಕೆ ಎಷ್ಟು ಕೋಟಿ? ನಿಮ್ಮ ಸಂಬಳದಲ್ಲಿ ಹಿಡೀತಾರಾ?"

"ಪ್ಯಾರಾಚೂಟ್ ನೀವೇ ಮಡಚುದಾ?"

ಹತ್ತು ವರ್ಷ ಫೈಟರ್ ಹಾರಿಸಿದ್ದೇನೆ. ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಒಮ್ಮೆ ಬಿದ್ದದ್ದೇ ಊರಿಗೆಲ್ಲ ಏವಿಯೇಶನ್ ಆಸಕ್ತಿ ಹುಟ್ಟಿದೆ.

ಆಗ ಕರೆಂಟ್ ಹೋಯಿತು. ಅಕ್ಕಿ ರುಬ್ಬುತ್ತಿದ್ದ ಗ್ರೈಂಡರ್ ನಿಂತಿತು. ಒಮ್ಮೆಗೇ ನಿಲ್ಲುವುದಿಲ್ಲವಲ್ಲ ಅದು, ಸದ್ದು ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ. ನೋಡಿದರೆ ನನ್ನ ಎರಡೂ ಕೈ ತೊಡೆಗಳ ನಡುವೆ, ಮುಷ್ಟಿ ಬಿಗಿದು. ಅಲ್ಲಿ ಏನೂ ಇರಲಿಲ್ಲ. ಲುಂಗಿ ಇತ್ತು. ರಿಫ್ಲೆಕ್ಸ್ ಅಷ್ಟೆ, ಬೇರೇನಿಲ್ಲ.

ಆಸ್ಪತ್ರೆಯ ಸೈಕಾಲಜಿಸ್ಟ್ ದಿನಾ ಏನಾದರೂ ಬರಿ ಎಂದಿದ್ದಳು. ಇಂಗ್ಲಿಷಿನಲ್ಲಿ ಬರೆದರೆ ಎರಡನೇ ಸಾಲಿಗೆ ರಿಪೋರ್ಟ್ ಆಗಿಬಿಡುತ್ತದೆ. ತುಳು ಬರೆದು ಅಭ್ಯಾಸವಿಲ್ಲ. ಉಳಿದದ್ದು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ. ಸಾಕು.

ಮಾರ್ಚ್ 12ಕ್ಕೆ ಬೆಂಗಳೂರಿನಲ್ಲಿ ಮೆಡಿಕಲ್ ಬೋರ್ಡ್. ಅವರು ಸೈ ಎಂದರೆ ಮತ್ತೆ ಹಾರಬಹುದು. ಅಲ್ಲಿಯವರೆಗೆ ಈ ಕುರ್ಚಿ.

ಜನವರಿ 29, ಗುರುವಾರ

ದಯಾನಂದ ಬಂದಿದ್ದ. ಇಲ್ಲಿನ ಯುವಕ ಮಂಡಲದ ಅಧ್ಯಕ್ಷ. ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚು. ಸನ್ಮಾನ ಮಾಡಬೇಕಂತೆ. ಶಾಲು, ಹಣ್ಣಿನ ಬುಟ್ಟಿ, ಪೇಟ. ಬೇಡ ಮಾರಾಯ ಎಂದೆ. ಮಂಡಲದಲ್ಲಿ ಆಗಲೇ ಪಾಸ್ ಆಗಿದೆಯಂತೆ.

"ಸನ್ಮಾನಪತ್ರ ಬರೀಲಿಕ್ಕುಂಟು. ಅಲ್ಲಿ ಕೆಳಗೆ ಶಾಲೆ ಇತ್ತಲ್ಲ?"

"ಯಾವ ಶಾಲೆ?"

"ನೀನು ವಿಮಾನ ತಿರುಗಿಸಿ ಉಳಿಸಿದ್ದು."

"ಶಾಲೆ ಇರ್ಲಿಲ್ಲ. ಸಾಸಿವೆ ಗದ್ದೆ. ನಾನು ಎಲ್ಲಿಗೂ ತಿರುಗಿಸ್ಲೂ ಇಲ್ಲ. ನಾವು ಹೊರಗೆ ಬಂದ ಮೇಲೆ ಅದು ತನ್ನಷ್ಟಕ್ಕೆ ಹೋಗಿ ಬಿದ್ದದ್ದು."

"ಹತ್ತಿರದಲ್ಲಿ ಎಲ್ಲಾದ್ರೂ ಶಾಲೆ?"

"ಎಂಟು ಕಿಲೋಮೀಟರ್ ಆಚೆ ಇರಬಹುದು."

"ಮತ್ತೆ! ಉಳೀತಲ್ಲ!"

ಮಂಡೆ ಬಿಸಿ. ವಿಮಾನ ಬಿದ್ದಲ್ಲೆಲ್ಲ ಒಂದು ಶಾಲೆ ಬೇಕು ಇವರಿಗೆ. ಪೈಲಟ್ ಬದುಕಿದ್ದು ಸಾಲದು, ಯಾರನ್ನಾದರೂ ಉಳಿಸಿ ಬದುಕಿರಬೇಕು. ಸುಮ್ಮನೆ ಬದುಕಿದವನಿಗೆ ಪೇಟ ತೊಡಿಸುವುದು ಹೇಗೆ ಎಂಬ ಕಷ್ಟ ಪಾಪ ದಯಾನಂದನಿಗೆ.

ಫೆಬ್ರವರಿ 1, ಭಾನುವಾರ

ಇವತ್ತು ಬರೆಯುತ್ತಿರುವುದು ಸೈಕಾಲಜಿಸ್ಟ್ ಹೇಳಿದ್ದಕ್ಕಲ್ಲ. ಸಿಟ್ಟಿಗೆ.

ತಂಗಿ ದೀಪಶ್ರೀ ಬಂದಿದ್ದಳು. ಮೂಡಬಿದಿರೆಯಲ್ಲಿ ಫಿಸಿಯೋಥೆರಪಿ ಕಲಿಸುತ್ತಾಳೆ, ಬೆಳುವಾಯಿಯಲ್ಲಿ ಬಾಡಿಗೆಗೆ ಇದ್ದಾಳೆ. ಭಾನುವಾರಕ್ಕೊಮ್ಮೆ ಬಂದು ನನ್ನನ್ನು ಚಾಪೆಯ ಮೇಲೆ ಮಲಗಿಸಿ ಹಿಂಸೆ ಕೊಡುವುದು. ಇವತ್ತು ಬೆನ್ನು ಚೆನ್ನಾಗಿ ಬಗ್ಗಿತು. ಹೀಗೇ ಆದರೆ ಬೋರ್ಡ್ ಪಾಸ್ ಎಂದಳು. ಖುಷಿಯಲ್ಲಿ ಎದ್ದು ಅಮ್ಮನಿಗೆ ಹೇಳಲು ಗಲ್ಲಾಪೆಟ್ಟಿಗೆಯ ಹತ್ತಿರ ಹೋದೆ.

ಅಮ್ಮನ ಮುಖ ಇಳಿಯಿತು. ದೀಪಶ್ರೀಯನ್ನು ನೋಡಿದಳು. ದೀಪಶ್ರೀ ನೆಲ ನೋಡಿದಳು.

"ಎಂತ?" ಎಂದೆ.

ಅಮ್ಮ ದೇವರ ಫೋಟೋದ ಮೊಳೆಗೆ ಕೈ ತೋರಿಸಿದಳು. ಹಳದಿ ಬಟ್ಟೆಯ ಸಣ್ಣ ಗಂಟು. ದಿನಾ ನೋಡುತ್ತಿದ್ದೆ, ಏನೆಂದು ಕೇಳಿರಲಿಲ್ಲ. ಮುಡಿಪು. ನನ್ನ ಹೆಸರಿನದು.

ಡಿಸೆಂಬರಿನಲ್ಲಿ ಟಿವಿಯಲ್ಲಿ ಸುದ್ದಿ ಬಂದಾಗ ಅಮ್ಮ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದಳಂತೆ. ನಮ್ಮ ಏರ್‌ಬೇಸಿನ ಹೆಸರು, ಕೆಳಗೆ ಕೆಂಪು ಪಟ್ಟಿ, ಹೊಗೆ. ಪೈಲಟ್‌ಗಳ ಸ್ಥಿತಿ ತಿಳಿದಿಲ್ಲ ಎಂದರಂತೆ. ಎದುರಿಗೆ ಗಿರಾಕಿ ಚಿಲ್ಲರೆಗೆ ಕೈ ಚಾಚಿ ನಿಂತಿದ್ದಾನೆ. ಅವನಿಗೆ ಕೊಡಬೇಕಾದ ನಾಣ್ಯವನ್ನೇ ಬಟ್ಟೆಯ ಚೂರಿನಲ್ಲಿ ಕಟ್ಟಿ, ಅರಿಶಿನದಲ್ಲಿ ಅದ್ದಿ, ಕುಟುಂಬದ ಕಲ್ಲುರ್ಟಿ ದೈವಕ್ಕೆ ಹೇಳಿಕೊಂಡಳಂತೆ. ಮಗನನ್ನು ಜೀವಂತ ಕೊಡು. ಇನ್ನು ಜೀವಮಾನದಲ್ಲಿ ಅವನನ್ನು ವಿಮಾನ ಹಾರಿಸಲಿಕ್ಕೆ ಬಿಡುವುದಿಲ್ಲ.

"ಯಾರನ್ನು ಕೇಳಿ ಹೇಳಿದ್ದು?" ಎಂದೆ. ಕಿರುಚಿದ್ದೆ. ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಕೇಳ್ಲಿಕ್ಕೆ ನೀನು ಎಲ್ಲಿದ್ದೆ?"

"ನಾನು ನೆಲ ಮುಟ್ಟಿ ಒಂದು ಗಂಟೆ ಆದ ಮೇಲೆ ಟಿವಿಯಲ್ಲಿ ಬಂದದ್ದು! ಆಗ್ಲೇ ಉಳಿದಾಗಿತ್ತು. ನಿನ್ನ ಹರಕೆಯಿಂದ ಅಲ್ಲ!"

"ದೈವಕ್ಕೆ ಗಡಿಯಾರ ಉಂಟಾ?" ಎಂದಳು ಅಮ್ಮ. ಚಿಲ್ಲರೆ ಎಣಿಸಲು ಶುರು ಮಾಡಿದಳು.

ವೇಣೂರಿಗೆ ಫೋನ್ ಮಾಡಿದೆ. ಬೆಳ್ತಂಗಡಿ ತಾಲೂಕಿನ ಆ ಊರಿನಲ್ಲಿರುವ ನಮ್ಮ ಕುಟುಂಬದ ಮನೆಗೆ ಈಗ ರುಕ್ಮಯ್ಯ ಮಾವ ಯಜಮಾನರು, ಅಮ್ಮನ ಅಣ್ಣ. ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಿದರು — ನನಗೆ.

"ಹೇಳಿಕೊಂಡದ್ದು ಹೇಳಿಕೊಂಡದ್ದೇ. ಮಾರ್ಚ್ ಎಂಟಕ್ಕೆ ದೈವಕ್ಕೆ ತಂಬಿಲ ಉಂಟು, ಬಾ. ಯಾರ ಹೆಸರಲ್ಲಿ ಕಟ್ಟಿದ್ದೋ ಅವರ ಕೈಯಿಂದಲೇ ಒಪ್ಪಿಸ್ಬೇಕು. ಒಪ್ಪಿಸಿದ ಮೇಲೆ ಮಾತು ತಪ್ಪುವ ಹಾಗಿಲ್ಲ."

ಬೋರ್ಡಿಗೆ ನಾಲ್ಕು ದಿನ ಮೊದಲು.

ಫೆಬ್ರವರಿ 2, ಸೋಮವಾರ

ಬಿಟ್ಟು ಹೋಗಬಹುದು. ನನಗೆ ನಂಬಿಕೆ ಅಷ್ಟಕ್ಕಷ್ಟೆ. ಬ್ಯಾಗ್ ಹಿಡಿದು ರೋಡಿಗೆ ನಿಂತರೆ ಬಸ್ ಉಂಟು. ಆದರೆ ನಾನು ಮೇಲಿರುವಷ್ಟು ದಿನವೂ ಅಮ್ಮ ಇಲ್ಲಿ ಬಾಯಿಗೆ ಅನ್ನ ಇಡುವುದಿಲ್ಲ. ಅವಳನ್ನು ಆ ಹೆದರಿಕೆಯಲ್ಲಿ ಬಿಟ್ಟು ಹಾರಿದರೆ ಅದು ಹಾರಾಟವೇ ಅಲ್ಲ. ಹಾರದೆ ಇದ್ದರೆ? ಮೂವತ್ತಮೂರು ವಯಸ್ಸು. ಬೇರೆ ಕೆಲಸ ನನಗೆ ಬರುವುದಿಲ್ಲ. ಬನ್ಸ್ ತಟ್ಟಲೂ ಬರುವುದಿಲ್ಲ.

ನಿದ್ದೆ ಇಲ್ಲ. ಆ ಬೆಳಿಗ್ಗೆಯನ್ನೇ ಬರೆಯುತ್ತೇನೆ. ಎಂಕ್ವೈರಿಗೆ ಇಂಗ್ಲಿಷಿನಲ್ಲಿ ಕೊಟ್ಟಾಗಿದೆ. ಕನ್ನಡದಲ್ಲಿ ಹೇಗೆ ಕಾಣುತ್ತದೆ ನೋಡುವ.

ಎರಡು ಸೀಟಿನ ಫೈಟರ್. ಮುಂದೆ ಶಿಶಿರ್ ಬಿಷ್ಟ್, ಇಪ್ಪತ್ತನಾಲ್ಕರ ಹುಡುಗ, ಪಹಾಡಿ, ಉತ್ತರದ ಬೆಟ್ಟದ ಕಡೆಯವನು. ಹಿಂದೆ ನಾನು, ಕಲಿಸುವವನು. ಇಳಿಯಲು ತಿರುಗುತ್ತಿದ್ದೆವು. ರನ್‌ವೇ ಮಂಜಿನಲ್ಲಿ ಮಸುಕು. ಇಂಜಿನ್ ಹೋಯಿತು. ಹಕ್ಕಿಯೋ, ಪಂಪೋ, ಇನ್ನೂ ಯಾರಿಗೂ ಗೊತ್ತಿಲ್ಲ. ಸಿನಿಮಾದಲ್ಲಿ ಆಗುವ ಹಾಗೆ ಢಂ ಎನ್ನುವುದಿಲ್ಲ. ಸದ್ದು ಇಳಿಯುತ್ತದೆ. ಹೊಟ್ಟೆ ಹಗುರಾಗುತ್ತದೆ. ಸಾಸಿವೆಯ ಹಳದಿ ಮೇಲೆ ಬರುತ್ತದೆ.

ಶಿಶಿರ್ ಇಂಜಿನ್ ಮತ್ತೆ ಹೊತ್ತಿಸುವ ಬಟನ್ ಒತ್ತಿದ್ದ. "ಬರ್ತಿದೆ ಸರ್, ಆರ್‌ಪಿಎಮ್ ಬರ್ತಿದೆ..." ಮುಂದಕ್ಕೆ ಬಗ್ಗಿ ಮೀಟರನ್ನೇ ನೋಡುತ್ತಿದ್ದ. ಅವನಿಗೆ ಮುಳ್ಳು ಕಾಣುತ್ತಿತ್ತು. ನನಗೆ ನೆಲ ಕಾಣುತ್ತಿತ್ತು.

ಹಿಂದಿನವನು ತೊಡೆಗಳ ನಡುವಿನ ಹಿಡಿ ಎಳೆದರೆ ಇಬ್ಬರ ಸೀಟೂ ಹಾರಿ ಹೊರಗೆ ಹೋಗುತ್ತದೆ. ಎಳೆಯುವ ಮೊದಲು ಮೂರು ಸಲ 'ಇಜೆಕ್ಟ್' ಎನ್ನಬೇಕು. ಕೇಳಿದ ಕೂಡಲೇ ಇನ್ನೊಬ್ಬ ಬೆನ್ನು ನೇರ ಮಾಡಿ ತಲೆ ಹಿಂದಕ್ಕೆ ಒರಗಿಸಬೇಕು. ಇಲ್ಲದಿದ್ದರೆ ಆ ಹೊಡೆತಕ್ಕೆ ಮೂಳೆ ನಿಲ್ಲುವುದಿಲ್ಲ.

ನಾನು ಒಂದು ಸಲವೂ ಹೇಳಲಿಲ್ಲ. ಎಳೆದೆ.

ನನ್ನ ಬೆನ್ನಿನ ಒಂದು ಮೂಳೆ ಕುಸಿಯಿತು. ಬಗ್ಗಿದ್ದ ಶಿಶಿರ್‌ನ ಕುತ್ತಿಗೆಯಲ್ಲಿ ಎರಡು ಮುರಿದವು. ಈಗ ಪ್ಲೇಟ್ ಹಾಕಿದ್ದಾರೆ. ನಡೆಯುತ್ತಾನೆ, ತಿನ್ನುತ್ತಾನೆ. ಆದರೆ ಇಜೆಕ್ಷನ್ ಸೀಟಿನಲ್ಲಿ ಇನ್ನು ಯಾವತ್ತೂ ಕೂರುವ ಹಾಗಿಲ್ಲ. ಫೈಟರ್ ಮುಗಿಯಿತು ಅವನಿಗೆ. ಶುರುವಾಗಿ ವರ್ಷ ಆಗಿರಲಿಲ್ಲ.

ಹೇಳುವಷ್ಟು ಎತ್ತರ ಇರಲಿಲ್ಲ. ಇದನ್ನು ಎಲ್ಲರಿಗೂ ಹೇಳಿದ್ದೇನೆ. ಎಲ್ಲರೂ ಹೌದು ಎಂದಿದ್ದಾರೆ. ಒಬ್ಬನನ್ನು ಬಿಟ್ಟು. ಅವನಿಗೆ ನಾನು ಫೋನೇ ಮಾಡಿಲ್ಲ.

ಫೆಬ್ರವರಿ 4, ಬುಧವಾರ

ಅಮ್ಮನ ಜೊತೆ ಮತ್ತೆ ಜಗಳ. ಮೀನಿನವನು ಬಂದು ಹೋದ ಮೇಲೆ, ಬಂಗುಡೆ ಕೊಯ್ಯುತ್ತಾ ಕೂತಿದ್ದಳು. ಮುಡಿಪು ಬಿಚ್ಚು ಎಂದೆ. ಆಗುವುದಿಲ್ಲ ಎಂದಳು. ನನ್ನ ಜೀವನದ ಬಗ್ಗೆ ನನ್ನನ್ನು ಒಂದು ಮಾತು ಕೇಳದೆ ನೀನು ಹೇಗೆ ತೀರ್ಮಾನ ಮಾಡಿದೆ ಎಂದೆ. ಇದನ್ನು ಹತ್ತು ಸಲ ಹೇಳಿರಬೇಕು, ಸ್ವಲ್ಪ ಸ್ವರ ಏರಿಸಿ ಏರಿಸಿ.

ಅಮ್ಮ ಕತ್ತಿ ಕೆಳಗಿಟ್ಟಳು. ತುಳುವಿನಲ್ಲಿ ಹೇಳಿದ್ದು, ಅಲ್ಲಿ ಇದಕ್ಕಿಂತ ತೂಕ ಜಾಸ್ತಿ ಇತ್ತು —

"ನಿನ್ನನ್ನು ಕೇಳ್ಬೇಕಿತ್ತು, ಸರಿ. ಆ ದಿನ ನೀನು ಮುಂದೆ ಕೂತಿದ್ದ ಹುಡುಗನನ್ನು ಕೇಳಿದ್ದಾ?"

"ಅದು ಬೇರೆ."

"ಹೇಗೆ ಬೇರೆ?"

"ಅಲ್ಲಿ ಹೊತ್ತಿರ್ಲಿಲ್ಲ!"

"ನನಗೆ ಮಾತ್ರ ತುಂಬ ಇತ್ತಲ್ಲ," ಎಂದಳು. ಬಂಗುಡೆಯ ಹೊಟ್ಟೆ ಸೀಳಿದಳು.

ಎದ್ದು ಒಳಗೆ ಬಂದೆ.

ಫೆಬ್ರವರಿ 14, ಶನಿವಾರ

ಹತ್ತು ದಿನ ಬರೆಯಲಿಲ್ಲ. ಅಮ್ಮನ ಹತ್ತಿರ ಮಾತಿಲ್ಲ. ಊಟ ತಟ್ಟೆಯಲ್ಲಿ ಬರುತ್ತದೆ, ತಟ್ಟೆ ಖಾಲಿ ಹೋಗುತ್ತದೆ. ಬೆನ್ನು ಗುಣವಾಗುತ್ತಿದೆ. ಬೇರೆ ಯಾವುದೂ ಇಲ್ಲ.

ಫೆಬ್ರವರಿ 15, ಭಾನುವಾರ. ಸಂಜೆ

ದೀಪಶ್ರೀ ಬಂದಳು. ಬೆನ್ನು ಮುಟ್ಟಿ ನೋಡಿ, "ಸಿಟ್ಟೆಲ್ಲ ಇಲ್ಲೇ ಸ್ಟಾಕ್ ಮಾಡಿದ್ದೀಯಾ?" ಎಂದಳು. ಅಮ್ಮ ಅವಳಿಗೆ ಎಲ್ಲಾ ಹೇಳಿದ್ದಾಳೆ. ನನ್ನ ಫೋನ್ ಎತ್ತಿ ಕೈಯಲ್ಲಿಟ್ಟಳು. "ಮಾಡು. ನಾನು ಆಚೆ ಹೋಗ್ತೇನೆ. ಮಾಡದೆ ನನ್ನ ಎದುರಿಗೆ ಬರ್ಬೇಡ."

ಹೋಟೆಲಿನ ಹಿಂದೆ ಗ್ಯಾಸ್ ಸಿಲಿಂಡರ್‌ಗಳ ಪಕ್ಕ ನಿಂತು ಮಾಡಿದೆ. ಮೂರನೇ ರಿಂಗಿಗೆ ಶಿಶಿರ್ ಎತ್ತಿದ. ನಮ್ಮ ಮಾತು ಹಿಂದಿಯಲ್ಲಿ, ಇಲ್ಲಿ ಕನ್ನಡದಲ್ಲಿ.

"ಜೈ ಹಿಂದ್ ಸರ್."

"ಹೇಗಿದ್ದೀ?"

"ಕಾಲರ್ ಹಾಕಿದ್ದಾರೆ. ಆಚೀಚೆ ನೋಡಬೇಕಾದರೆ ಇಡೀ ಮನುಷ್ಯ ತಿರುಗಬೇಕು."

ಒಂದು ಲಾರಿ ಏರ್‌ಬ್ರೇಕ್ ಬಿಟ್ಟು ನಿಂತಿತು. ಅದು ಹೋದ ಮೇಲೆ ಅವನೇ ಹೇಳಿದ.

"ಆರ್‌ಪಿಎಮ್ ಬರ್ತಿತ್ತು ಸರ್."

"ಗೊತ್ತು."

"ಎಲ್ಲರೂ ನಿಮಗೆ ಥ್ಯಾಂಕ್ಸ್ ಹೇಳು ಅಂತಾರೆ. ಅಪ್ಪ ದಿನಾ ಕೇಳ್ತಾರೆ, ಸರ್‌ಗೆ ಫೋನ್ ಮಾಡಿದೆಯಾ, ಥ್ಯಾಂಕ್ಸ್ ಹೇಳಿದೆಯಾ ಅಂತ. ನನ್ನಿಂದ ಆಗ್ತಿಲ್ಲ ಸರ್. ಬದುಕಿದ್ದೇನೆ, ಸರಿ. ಆದರೂ ಆಗ್ತಿಲ್ಲ."

ಏನು ಹೇಳುವುದು? ಬಾಯಿಗೆ ಬಂದದ್ದು ಅಮ್ಮನ ಮುಡಿಪಿನ ಕತೆ. ಗಿರಾಕಿಯ ಚಿಲ್ಲರೆ, ಅರಿಶಿನ, ಕಲ್ಲುರ್ಟಿ, ಎಲ್ಲಾ ಹೇಳಿದೆ. ನನಗೂ ಅಮ್ಮನಿಗೆ ಥ್ಯಾಂಕ್ಸ್ ಹೇಳಲು ಆಗುತ್ತಿಲ್ಲ ಎಂದೆ. ಅವನು ನಕ್ಕ. ನಗಿಸಬೇಡಿ ಸರ್, ಕುತ್ತಿಗೆ ನೋಯುತ್ತೆ ಎಂದ. ಮತ್ತೆ ನಕ್ಕ.

"ಕೇಳಿದ್ದರೆ ಸಾಕಿತ್ತು ಸರ್. ಒಂದು ಸಲ."

"ಕೇಳುವಷ್ಟು ಹೊತ್ತಿರಲಿಲ್ಲ ಶಿಶಿರ್."

"ಗೊತ್ತು ಸರ್. ಆದರೂ."

ಆ 'ಆದರೂ' ಎಂಬುದನ್ನು ಇಲ್ಲಿ ಹಾಗೇ ಬರೆದಿಟ್ಟಿದ್ದೇನೆ.

ಕೊನೆಗೆ ಕೇಳಿದ, "ನೀವು ಮತ್ತೆ ಹಾರ್ತೀರಾ?"

"ಅಮ್ಮನ ಮುಡಿಪು ಇದೆಯಲ್ಲ."

"ಅದು ಉತ್ತರ ಅಲ್ಲ ಸರ್," ಎಂದ.

ಫೆಬ್ರವರಿ 24, ಮಂಗಳವಾರ

ಸ್ಕ್ವಾಡ್ರನ್‌ನಿಂದ ಫೋನ್. ಯಾರು ಎಂದು ಬರೆಯುವುದಿಲ್ಲ. ಎಂಕ್ವೈರಿಯವರು ಅದೇ ಎತ್ತರ, ಅದೇ ವೇಗ, ಅದೇ ಇಂಜಿನ್ ಎಲ್ಲಾ ಸಿಮ್ಯುಲೇಟರಿಗೆ ಹಾಕಿ ಆರು ಜನರನ್ನು ಕೂರಿಸಿದ್ದಾರೆ. ಯಾರೂ ಹಿಡಿ ಎಳೆಯುವ ಹಾಗಿಲ್ಲ, ಇಂಜಿನ್ ಬರುವವರೆಗೆ ಕಾಯಬೇಕು. ಇಬ್ಬರು ರನ್‌ವೇ ಮುಟ್ಟಿದರಂತೆ. ನಾಲ್ವರು ಸತ್ತರು — ಸ್ಕ್ರೀನಿನ ಮೇಲೆ.

"ನೀನು ಮಾಡಿದ್ದು ಸರಿ ಅಂತಲೇ ಬರೀತಾರೆ ಬಿಡು," ಎಂದ.

ಸರಿಯಂತೆ. ಆರರಲ್ಲಿ ನಾಲ್ಕು ಸರಿ. ಆ ಇಬ್ಬರು ಯಾರು ಎಂದು ಕೇಳಬೇಕೆನಿಸಿತು. ಶಿಶಿರ್ ಆ ಇಬ್ಬರಲ್ಲಿ ಒಬ್ಬನಾಗಿರುತ್ತಿದ್ದನೋ ಏನೋ. ಕೈ ಅವನದು ಚೆನ್ನಾಗಿತ್ತು, ನನಗಿಂತ ಮೆದು. ಆದರೆ ಸಿಮ್ಯುಲೇಟರಿನ ಆ ಆರು ಜನಕ್ಕೂ ಇಂಜಿನ್ ಹೋಗುತ್ತದೆ ಎಂದು ಮೊದಲೇ ಗೊತ್ತಿತ್ತು. ಕಾಫಿ ಕುಡಿದು ಬಂದು ಕೂತವರು. ನಮಗೆ ಯಾರು ಹೇಳಿದ್ದರು?

ಯಾರ ಮೇಲೆ ಸಿಟ್ಟು ಮಾಡುವುದು ಎಂದೂ ಗೊತ್ತಾಗುತ್ತಿಲ್ಲ ಈಗ. ತಪ್ಪು ಎಂದಿದ್ದರೆ ಕಡೇಪಕ್ಷ ಜಗಳ ಮಾಡಬಹುದಿತ್ತು.

ಮಾರ್ಚ್ 1, ಭಾನುವಾರ

ಫ್ಲೆಕ್ಸ್ ಎದ್ದಿದೆ. ಮಾಣಿ ಜಂಕ್ಷನ್‌ನಲ್ಲಿ ಹತ್ತಡಿ ಎತ್ತರದ ನಾನು. ಹಿಂದೆ ನಾಲ್ಕು ವಿಮಾನ, ನಾನು ಹಾರಿಸಿದ್ದು ಅವುಗಳಲ್ಲಿ ಒಂದೂ ಅಲ್ಲ. ಕೆಳಗೆ ದಯಾನಂದನ ಕೈಮುಗಿದ ಫೋಟೋ. 'ನೂರಾರು ಪುಟಾಣಿಗಳ ಪ್ರಾಣ ಉಳಿಸಿದ ನಮ್ಮೂರ ಹೆಮ್ಮೆ, ಸ್ಕ್ವಾಡ್ರನ್ ಲೀಡರ್ ಮನ್ವಿತ್.'

ಸನ್ಮಾನಕ್ಕೆ ಹೋದೆ. ಹೋಗಿ ಹೇಳಿಯೇ ಬಿಡುವ ಎಂದು. ಪೇಟ ಇಟ್ಟರು, ಶಾಲು ಹೊದಿಸಿದರು, ಮೈಕ್ ಕೊಟ್ಟರು.

"ಅಲ್ಲಿ ಶಾಲೆ ಇರ್ಲಿಲ್ಲ. ಮಕ್ಕಳು ಇರ್ಲಿಲ್ಲ. ಇದ್ದದ್ದು ನಾನು ಮತ್ತು ಇನ್ನೊಬ್ಬ. ಆ ಇನ್ನೊಬ್ಬ ವಿಮಾನ ಉಳಿಸ್ಲಿಕ್ಕೆ ನೋಡ್ತಿದ್ದ. ನಾನು ಅವನನ್ನು ಕೇಳದೆ ಹಿಡಿ ಎಳೆದೆ. ಅವನು ಇನ್ನು ಫೈಟರ್ ಹಾರಿಸುವ ಹಾಗಿಲ್ಲ. ಇಷ್ಟೇ ಆದದ್ದು."

ದಯಾನಂದ ಮೈಕ್ ತೆಗೆದುಕೊಂಡ. "ನೋಡಿ, ಎಂಥ ವಿನಯ!"

ಜೋರು ಚಪ್ಪಾಳೆ. ಹಣ್ಣಿನ ಬುಟ್ಟಿಯಲ್ಲಿ ದಾಳಿಂಬೆ ಎರಡು ಕೊಳೆತಿತ್ತು.

ಹಿಂದಿನ ಸಾಲಿನಲ್ಲಿ ಅಮ್ಮ ಇದ್ದಳು. ಅವಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಬಿಸಿನೀರಿನ ಬ್ಯಾಗ್ ತಂದು ಬೆನ್ನಿಗೆ ಇಟ್ಟಳು. ತಿಂಗಳಿನಲ್ಲಿ ಮೊದಲ ಸಲ, "ಬಿಸಿ ಜಾಸ್ತಿ ಆಯ್ತಾ?" ಎಂದು ಕೇಳಿದಳು. ಇಲ್ಲ ಎಂದೆ.

ಮಾರ್ಚ್ 8, ಭಾನುವಾರ. ವೇಣೂರು

ಬೆಳಿಗ್ಗೆ ಹೊರಟದ್ದು. ಬಿ.ಸಿ. ರೋಡ್, ಪುಂಜಾಲಕಟ್ಟೆ, ಗುರುವಾಯನಕೆರೆ. ದೀಪಶ್ರೀಯ ಕಾರು, ರಸ್ತೆಯ ಹೊಂಡ ಒಂದೊಂದೂ ಬೆನ್ನಿಗೆ ಲೆಕ್ಕ. ಅಮ್ಮ ಮುಂದಿನ ಸೀಟಿನಲ್ಲಿ, ಮುಡಿಪು ಮಡಿಲಲ್ಲಿ. ನಾನು ಹಿಂದೆ. ಒಪ್ಪಿಸುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಹೊರಟಿದ್ದೆ. ಎಲ್ಲರ ಎದುರಿಗೇ ಹೇಳುತ್ತೇನೆ, ಆದದ್ದಾಗಲಿ. ಮಾತನ್ನೂ ಸಿದ್ಧ ಮಾಡಿದ್ದೆ.

ತಂಬಿಲ ಎಂದರೆ ದೊಡ್ಡ ಗೌಜಿ ಏನಲ್ಲ. ವರ್ಷಕ್ಕೊಮ್ಮೆ ಕುಟುಂಬದವರು ಸೇರಿ ದೈವದ ಗುಡಿಯ ಎದುರು ದೀಪ, ಹೂವು, ಎಳನೀರು ಇಟ್ಟು ಕೈಮುಗಿಯುವುದು. ಹಿರಿಯರು ಎಲ್ಲರ ಪರವಾಗಿ ದೈವಕ್ಕೆ ಮಾತು ಹೇಳುತ್ತಾರೆ. ಉಳಿದವರು ಸುಮ್ಮನೆ ನಿಲ್ಲುತ್ತಾರೆ.

ಅಮ್ಮ ಮುಡಿಪನ್ನು ನನ್ನ ಕೈಗೆ ಕೊಟ್ಟಳು. ಹಗುರ. ಬೆವರಿಗೆ ಅರಿಶಿನ ಅಂಗೈಗೆ ಹತ್ತಿತು.

ರುಕ್ಮಯ್ಯ ಮಾವ ಶುರು ಮಾಡಿದರು. ದೊಡ್ಡ ಸ್ವರ ಅವರದು. "ನನ್ನ ತಂಗಿ ಲೋಲಾಕ್ಷಿ ಹೆದರಿದ ಹೊತ್ತಿನಲ್ಲಿ ನಿನ್ನನ್ನು ಕರೆದಿದ್ದಾಳೆ. ನೀನು ಹುಡುಗನನ್ನು ಉಳಿಸಿ ಕೊಟ್ಟಿದ್ದೀ. ಇವತ್ತು ಅವನೇ ಬಂದಿದ್ದಾನೆ. ಇನ್ನು ಹಾರುವುದಿಲ್ಲ ಎಂಬ ಮಾತನ್ನು ನಿನ್ನ ಪಾದಕ್ಕೆ ಒಪ್ಪಿಸ್ತಾನೆ." ಬಲಗೈ ನನ್ನ ಕಡೆಗೆ ಚಾಚಿದರು. "ಕೊಡು."

ಈಗ ಹೇಳಬೇಕಿತ್ತು. ಸಿದ್ಧ ಮಾಡಿದ ಮಾತು ಬಾಯಿಯಲ್ಲೇ ಇತ್ತು.

ಆದರೆ ನನ್ನ ಕೈ ಮುಂದೆ ಹೋಗುತ್ತಿತ್ತು. ಮಾವನ ಅಂಗೈ ಕಡೆಗೆ. ನಾನು ಕೊಡುತ್ತಿದ್ದೆ. ಅಮ್ಮನಿಗಾಗಿ ಅಲ್ಲ, ದೈವಕ್ಕಾಗಿ ಅಲ್ಲ. ಕೊಟ್ಟರೆ ಮುಗಿಯಿತಲ್ಲ ಎನಿಸಿತು. ಆ ಸದ್ದು ಇಳಿಯುವುದನ್ನು ಇನ್ನು ಯಾವತ್ತೂ ಕೇಳಬೇಕಾಗಿಲ್ಲ. ಇನ್ನೊಬ್ಬರ ಮಗನ ಹಿಂದೆ ಕೂರಬೇಕಾಗಿಲ್ಲ. ಯಾರೂ ಹೇಡಿ ಎನ್ನುವುದಿಲ್ಲ, ಅಮ್ಮನ ಹರಕೆ ಎನ್ನುತ್ತಾರೆ. ಎಷ್ಟು ಸುಲಭ! ಮೈಯೆಲ್ಲ ಹಗುರಾಯಿತು.

"ಅಣ್ಣ, ನಿಲ್ಲು."

ಅಮ್ಮ. ಹೆಂಗಸರು ನಿಂತಲ್ಲಿಂದ ಮುಂದೆ ಬಂದು ನನ್ನ ಕೈಯಿಂದ ಮುಡಿಪು ಕಿತ್ತುಕೊಂಡಳು. ಗುಡಿಯ ಕಡೆ ತಿರುಗಿದಳು.

"ನಾನು ಇವನನ್ನು ಕೇಳ್ಲಿಲ್ಲ. ಹೆದರಿ ಹೇಳಿಬಿಟ್ಟೆ. ಮಾತು ನನ್ನದು, ತಪ್ಪಿದವಳೂ ನಾನೇ. ಬರುವುದೇನಿದ್ರೂ ನನ್ನ ತಲೆಗೆ ಬರ್ಲಿ. ಇವನ ಮೇಲೆ ಬೇಡ."

"ಲೋಲಾಕ್ಷಿ! ಇದೆಂತ ಮಕ್ಕಳಾಟಿಕೆಯಾ?" ಮಾವನ ಮುಖ ಕೆಂಪು. "ದೈವದ ಎದುರು ಹಾಗೆಲ್ಲ ಹಿಂದೆ ತೆಗೀಲಿಕ್ಕೆ ಉಂಟಾ?"

"ಇಲ್ಲದಿದ್ರೆ ತಪ್ಪುಕಾಣಿಕೆ ಯಾಕೆ ಇರುವುದು? ತಪ್ಪು ಮಾಡಿದವರಿಗೆ ಅಲ್ವಾ?"

ಗಂಟು ಬಿಗಿದು ಕಲ್ಲಾಗಿತ್ತು. ಹಲ್ಲಿನಿಂದ ಬಿಚ್ಚಿದಳು. ಅದೇ ನಾಣ್ಯವನ್ನು ತಪ್ಪುಕಾಣಿಕೆ ಎಂದು ಗುಡಿಯ ಮೆಟ್ಟಿಲಿಗೆ ಇಟ್ಟಳು. ಮಾವ ಚಾಚಿದ್ದ ಕೈ ಹಿಂದೆ ತೆಗೆದರು. ಆಮೇಲೆ ಸ್ವರ ತಗ್ಗಿಸಿ, ಹೆಂಗಸು ತಿಳಿಯದೆ ಆಡಿದ ಮಾತು, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ದೈವಕ್ಕೆ ಹೇಳಿ ಮುಗಿಸಿದರು. ತಿಳಿಯದೆ ಅಲ್ಲ, ಹೆದರಿ ಎಂದು ಅಮ್ಮ ತಿದ್ದಿದಳು. ಊಟಕ್ಕೆ ಕೂತಾಗ ಅಣ್ಣ ತಂಗಿ ಬೇರೆ ಬೇರೆ ಸಾಲಿನಲ್ಲಿ.

ನನ್ನ ಕೈ ಎಲ್ಲಿಯವರೆಗೆ ಹೋಗಿತ್ತು ಎಂದು ಯಾರಿಗೂ ಗೊತ್ತಿಲ್ಲ.

ಮತ್ತೆ ನನ್ನನ್ನು ಕೇಳಲಿಲ್ಲ ಅಮ್ಮ! ಎರಡನೇ ಸಲ!

ಮಾರ್ಚ್ 9, ಸೋಮವಾರ

ಗೊತ್ತಿತ್ತು. ಅಮ್ಮನಿಗೆ ಗೊತ್ತಿತ್ತು.

ಬೆಳಿಗ್ಗೆ ಮತ್ತೆ ಕರೆಂಟ್ ಹೋಯಿತು. ಗ್ರೈಂಡರ್ ಇಳಿಯಿತು. ನನ್ನ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಹಿಟ್ಟು.

"ಬಂದ ದಿನದಿಂದ ನೋಡ್ತಾ ಇದ್ದೇನೆ," ಎಂದಳು.

"ಮತ್ತೆ ಯಾಕೆ ಬಿಚ್ಚಿದೆ? ಇರ್ಲಿ ಅಂತ ಬಿಡಬಹುದಿತ್ತಲ್ಲ. ನಿನಗೂ ಅದೇ ಬೇಕಿತ್ತು."

"ಬೇಕಿತ್ತು. ಈಗ್ಲೂ ಬೇಕು. ನೀನು ಹೋಗುವುದು ನನಗೆ ಒಂಚೂರೂ ಇಷ್ಟ ಇಲ್ಲ." ಕೈಯ ಹಿಟ್ಟನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು. ಯಾರಾದರೂ ಒರೆಸಿದರೆ ಬೈಯುವವಳು. "ಆದ್ರೆ ನೀನು ಹೆದರಿ ನಿಂತು, ಅಮ್ಮ ತಡೆದದ್ದು ಅಂತ ಹೇಳಿಕೊಂಡು ತಿರುಗ್ಬಾರ್ದು. ಜೀವಮಾನ ಇಡೀ ನನ್ನನ್ನು ಬೈತೀ. ಆ ಹುಡುಗ ನಿನ್ನನ್ನು ಬೈದ ಹಾಗೆ."

"ಅವನು ಬೈಲಿಲ್ಲ."

"ಬೈದಿದ್ರೆ ನಿನಗೆ ಸಲೀಸಿತ್ತು," ಎಂದು ಒಳಗೆ ಹೋದಳು.

ಒಂದು ತಿಂಗಳಿಡೀ ಇವಳ ಮೇಲೆ ಸಿಟ್ಟು ಮಾಡಿದೆ. ಸಿಟ್ಟಿರುವಷ್ಟು ದಿನ ಹೆದರಿಕೆ ಕಾಣುತ್ತಿರಲಿಲ್ಲ. ಈಗ ಕಾಣುತ್ತಿದೆ. ಹೌದು, ಹೆದರಿಕೆ. ಬರೆದೆ. ಹಾರಬೇಕು ಎಂಬ ಆಸೆಯೂ ಅಷ್ಟೇ ಇದೆ, ಅದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಇದ್ದರೆ ಏನು ಮಾಡುವುದು ಎಂದು ಯಾವ ಮ್ಯಾನುಯಲ್‌ನಲ್ಲೂ ಇಲ್ಲ.

ಸಾಯಂಕಾಲ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಅಮ್ಮನ ಪಕ್ಕದಲ್ಲಿ ಕೂತೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿಯೇ. ಥ್ಯಾಂಕ್ಸ್ ಎಂದು ಹೇಳಲು ಹೋದೆ. ತುಳುವಿನಲ್ಲಿ ಅದಕ್ಕೆ ಮನೆಯೊಳಗೆ ಹೇಳುವ ಮಾತೇ ಇಲ್ಲ. "ಒಂದು ಚಾ ಕೊಡು," ಎಂದೆ. ಕೊಟ್ಟಳು.

ಮಾರ್ಚ್ 12, ಗುರುವಾರ. ಬೆಂಗಳೂರು. ಬೆಳಿಗ್ಗೆ

ಕಾರಿಡಾರ್. ನನ್ನ ಮುಂದೆ ಇಬ್ಬರು. ಎಕ್ಸ್‌ರೇ ಚೆನ್ನಾಗಿದೆ, ಮೂಳೆ ಕೂಡಿದೆ. ನಿನ್ನೆಯೇ ನೋಡಿ ಹೇಳಿದರು. ಒಳಗೆ ಉಳಿದಿರುವುದು ಒಂದೇ ಪ್ರಶ್ನೆ. ಮತ್ತೆ ಹಾರಬೇಕಾ? ಕಲಿಸುವ ಸೀಟಿಗೇ ಹೋಗಬೇಕಾ?

ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ. ಶಿರಾಡಿ ಹತ್ತುವಾಗ ಹೌದು ಎಂದಿತ್ತು. ಹಾಸನದಲ್ಲಿ ಇಲ್ಲ ಎಂದಿತ್ತು.

ಈಗ ಒಬ್ಬರೇ ಮುಂದೆ.

ಶಿಶಿರ್‌ಗೆ ಮೆಸೇಜ್ ಹಾಕಿದೆ. 'ಆ ದಿನ ನಿನ್ನನ್ನು ಕೇಳಲಿಲ್ಲ. ಇವತ್ತು ಕೇಳುತ್ತಿದ್ದೇನೆ. ನಾನು ಮತ್ತೆ ಯಾರ ಹಿಂದಾದರೂ ಕೂರಬಹುದಾ? ನೀನು ಬೇಡ ಎಂದರೆ ಕೂರುವುದಿಲ್ಲ.'

ನೋಡಿದ. ಎರಡು ನೀಲಿ ಗೆರೆ ಬಂತು. ಟೈಪಿಂಗ್ ಎಂದು ತೋರಿಸುತ್ತಿದೆ... ನಿಂತಿತು. ಮತ್ತೆ ಟೈಪಿಂಗ್. ಕಾಲರ್ ಹಾಕಿಕೊಂಡು ಫೋನನ್ನು ಮುಖದೆದುರು ಎತ್ತಿ ಹಿಡಿದು ಬರೆಯಬೇಕು ಅವನು. ನಿಧಾನ ಆಗುತ್ತದೆ.

ನನ್ನ ಹೆಸರು ಕರೆದರು.

ಇನ್ನೂ ಟೈಪಿಂಗ್. ಬಾಗಿಲಲ್ಲಿ ಆರ್ಡರ್ಲಿ ನಿಂತಿದ್ದಾನೆ, ಸರ್, ಬೋರ್ಡ್ ಕಾಯುತ್ತಿದೆ ಎನ್ನುತ್ತಿದ್ದಾನೆ.

ಕಾಯಲಿ ಎಂದೆ. ಶಿಶಿರ್ ಬರೆದು ಮುಗಿಸಲಿ.